ಬೆಕ್ಕಿನ ಆಪರೇಷನ್: ಹಿಂದಿನ ರಾತ್ರಿಯಿಂದ ಹೊಲಿಗೆ ಬಿಚ್ಚುವವರೆಗೆ

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಬಸಿರಾದರೆ ಒಂಬತ್ತು ವಾರಕ್ಕೆ ಮನೆ ತುಂಬ ಮರಿ. ಸಂತಾನಹರಣ ಮಾಡಿಸುವ ಮನಸ್ಸಿದ್ದರೆ ಬೆದೆಗೆ ಬರುವ ಮೊದಲೇ ಪಶುವೈದ್ಯರನ್ನು ಕಾಣಿ. ಕೊಯ್ದು ಹೊಲಿಯುವ ಕೆಲಸ ಅವರದು. ಹಿಂದಿನ ರಾತ್ರಿ ಮತ್ತು ಆಮೇಲಿನ ಹತ್ತು ಹದಿನಾಲ್ಕು ದಿನ ನಮ್ಮ ಪಾಲಿಗೆ.

ಹಂತ 1: ಒಂದು ವಾರ ಮೊದಲು
ಒಯ್ಯುವ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಹಳೇ ಸೀರೆ ತುಂಡು ಹಾಸಿ, ಬಾಗಿಲು ತೆರೆದಿಡಿ. ಊಟವನ್ನೂ ಅದರೊಳಗೇ ಇಡಿ. ಆ ದಿನ ಬೆಳಿಗ್ಗೆ ಮಂಚದಡಿಯಿಂದ ಎಳೆದು ತುರುಕುವ ಪಾಡು ತಪ್ಪುತ್ತದೆ.

ಹಂತ 2: ಹಿಂದಿನ ರಾತ್ರಿ
ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅದಕ್ಕೇ ಉಪವಾಸ. ಬೆಳೆದ ಬೆಕ್ಕಿಗೆ ಸಾಮಾನ್ಯವಾಗಿ ರಾತ್ರಿಯೂಟದ ನಂತರ ಏನೂ ಇಲ್ಲ. ಮರಿಗಳನ್ನು ಅಷ್ಟು ಹೊತ್ತು ಹಸಿವಿನಲ್ಲಿ ಇಡಬಾರದು, ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಎಷ್ಟು ಗಂಟೆ, ನೀರು ಯಾವಾಗಿನವರೆಗೆ ಎಂದು ವೈದ್ಯರನ್ನೇ ಕೇಳಿ, ಮನೆಯವರಿಗೆಲ್ಲ ಹೇಳಿ. ನಮ್ಮಲ್ಲಿ ಅಜ್ಜಿ "ಪಾಪ, ಹಸಿದು ಕೂಗ್ತಿದೆ" ಎಂದು ಬೆಳಗಿನ ಜಾವ ಹಾಲು ಹಾಕಿದ್ದರು. ಹೋದ ಆಟೋದಲ್ಲೇ ವಾಪಸು ಬಂದೆವು. ರಾತ್ರಿ ಹೊರಗೂ ಬಿಡಬೇಡಿ. ಪಕ್ಕದ ಮನೆಯ ಮೀನಿಗೋ ಇಲಿಗೋ ಉಪವಾಸದ ವಿಚಾರ ಗೊತ್ತಿರುವುದಿಲ್ಲ.

ಹಂತ 3: ಕರೆತಂದ ಸಂಜೆ
ಕಣ್ಣು ಬಿಟ್ಟಿರುತ್ತದೆ, ಕಾಲು ಮಾತು ಕೇಳುವುದಿಲ್ಲ. ಸೋಫಾ ಮೇಲೆ ಬಿಟ್ಟರೆ ಬೀಳುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ, ನೆಲದ ಮೇಲೇ ಹಾಸಿ, ಬೆಚ್ಚಗೆ ಮಲಗಿಸಿ. ಅರಿವಳಿಕೆಯ ನಂತರ ಮೈ ತಣ್ಣಗಾಗುತ್ತದೆ. ಬೇರೆ ಬೆಕ್ಕುಗಳು ಆ ಕೋಣೆಗೆ ಬರದಿರಲಿ: ಆಸ್ಪತ್ರೆಯ ವಾಸನೆಗೆ ಒಡಹುಟ್ಟಿದ್ದೂ ಬುಸುಗುಟ್ಟುತ್ತದೆ. ಪೂರ್ತಿ ಎಚ್ಚರವಾದ ಮೇಲೆ ಎರಡು ಚಮಚದಷ್ಟು ಊಟ ಕೊಡಿ. ಮಲದ ತಟ್ಟೆಯಲ್ಲಿ ಕೆಲವು ದಿನ ಮರಳಿನ ಬದಲು ಪೇಪರ್ ಚೂರು ಹಾಕಿ, ಗಾಯಕ್ಕೆ ಧೂಳು ಮೆತ್ತುವುದಿಲ್ಲ.

ಹಂತ 4: ಗಾಯ
ಬೆಕ್ಕಿನ ನಾಲಿಗೆ ಉಪ್ಪುಕಾಗದದ ಹಾಗೆ. ಒಂದು ರಾತ್ರಿ ನೆಕ್ಕಿದರೆ ಹೊಲಿಗೆ ಕಿತ್ತುಬರಬಹುದು. ನೆಕ್ಕದಂತೆ ತಡೆಯುವ ಕೊರಳಿನ ಕೋನ್ ಹಾಕಿದಾಗ ಬೆಕ್ಕು ಹಿಂದೆ ಹಿಂದೆ ನಡೆದು ಗೋಡೆಗೆ ಹಾಯುವುದನ್ನು ನೋಡಿ ಕರುಳು ಚುರುಕ್ ಎನ್ನುತ್ತದೆ. ತೆಗೆಯಬೇಡಿ. ದಿನಕ್ಕೆ ಎರಡು ಸಲ ಗಾಯ ನೋಡಿ, ಮುಟ್ಟಬೇಡಿ, ಸ್ನಾನ ಬೇಡ. ಅರಿಶಿನವೂ ಬೇಡ. ಡೆಟಾಲ್, ಫಿನಾಯಿಲ್ ಹತ್ತಿರವೂ ಸುಳಿಯಬಾರದು, ಅವು ಬೆಕ್ಕಿಗೆ ವಿಷ.

ಹಂತ 5: ಮಾತ್ರೆ
ವೈದ್ಯರು ಬರೆದದ್ದು ಮಾತ್ರ. ನಮ್ಮ ಪ್ಯಾರಾಸಿಟಮಾಲ್‌ನ ಒಂದು ಚೂರೂ ಬೆಕ್ಕನ್ನು ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ.

ಯಾವಾಗ ಓಡಬೇಕು?
ನೋವನ್ನು ಬೆಕ್ಕು ಕೂಗಿ ಹೇಳುವುದಿಲ್ಲ, ಮೂಲೆ ಸೇರುತ್ತದೆ. ತುಟಿ ಎತ್ತಿ ವಸಡು ನೋಡಿ: ಗುಲಾಬಿ ಇದ್ದರೆ ಸರಿ, ಬಿಳಿಚಿದ್ದರೆ ತಕ್ಷಣ ಹೊರಡಿ. ರಕ್ತ ಜಿನುಗಿದರೆ, ಗಾಯ ಬಾತು ಕೀವಾದರೆ, ಮತ್ತೆ ಮತ್ತೆ ವಾಂತಿಯಾದರೆ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಕೂಡ.

ಗಂಡು ಬೆಕ್ಕು ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಆಪರೇಷನ್ ಆದ ಕೆಲವು ವಾರ ಅದರಿಂದ ಇನ್ನೂ ಮರಿಯಾಗಬಹುದು, ಹೆಣ್ಣು ಬೆಕ್ಕಿನಿಂದ ದೂರವಿಡಿ.

ಹೊಲಿಗೆ ಬಿಚ್ಚಿ, ವೈದ್ಯರು ಒಪ್ಪಿ, ಕೋನ್ ತೆಗೆದ ದಿನ ಅದು ಒಂದು ಗಂಟೆ ಎಡೆಬಿಡದೆ ಮೈ ನೆಕ್ಕಿಕೊಳ್ಳುತ್ತದೆ. ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.