ಬೈಲಿ ಸೋತರೂ ಆಟ ಉಳಿಯಬೇಕು

ಪ್ರಶ್ನೆ: 1780ರ ಪೊಲ್ಲಿಲೂರು ಯುದ್ಧವನ್ನು ಪುಟ್ಟ ಗೊಂಬೆ ಸೈನಿಕರ ಟೇಬಲ್ ಆಟವಾಗಿ ಮಾಡಿದ್ದೇನೆ. ಎಷ್ಟು ಸಲ ಆಡಿದರೂ ಹೈದರಾಲಿಯ ಕಡೆಯೇ ಗೆಲ್ಲುತ್ತದೆ. ಬ್ರಿಟಿಷ್ ಕಡೆ ಆಡಲು ಗೆಳೆಯರು ಒಪ್ಪುತ್ತಿಲ್ಲ.
– ಓದುಗ, ಕಳಂಬೋಲಿ

ಉತ್ತರ: ಸೈನ್ಯಗಳನ್ನು ಸಮ ಮಾಡಲು ಹೋಗಬೇಡಿ, ಆಗ ಅದು ಪೊಲ್ಲಿಲೂರೇ ಅಲ್ಲ. ಗೆಲುವಿನ ಷರತ್ತು ಬದಲಿಸಿ. ಸೆಪ್ಟೆಂಬರ್ 10ರಂದು ಬ್ರಿಟಿಷ್ ಪಡೆಯ ಕರ್ನಲ್ ಬೈಲಿ ಕಾದದ್ದು ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋನ ನೆರವಿಗೆ, ಅದು ಬರಲಿಲ್ಲ. ಹಾಗಾಗಿ ಎಂಟು ಸುತ್ತು ಅವನ ಪಡೆಯ ಚೌಕವ್ಯೂಹ ಒಡೆಯದೆ ನಿಂತರೆ ಬೈಲಿಗೆ ಗೆಲುವು ಎನ್ನಿ. ಮನ್ರೋ ಬರುತ್ತಾನೋ ಇಲ್ಲವೋ ಎಂಬುದನ್ನು ಐದನೇ ಸುತ್ತಿನಿಂದ ದಾಳ ಹೇಳಲಿ.

ಬೈಲಿಯ ಮದ್ದುಗುಂಡಿನ ಬಂಡಿಗಳು ಸಿಡಿದದ್ದು ಆ ದಿನದ ತಿರುವು. ಅದನ್ನು ಆಗಲೇಬೇಕಾದ ಘಟನೆಯಾಗಿ ಬರೆದಿದ್ದರೆ ತೆಗೆಯಿರಿ. ರಾಕೆಟ್ ಅಥವಾ ಫಿರಂಗಿ ಗುಂಡು ಬಂಡಿಗೆ ತಗುಲಿ, ದಾಳದಲ್ಲಿ ಆರು ಬಿದ್ದರೆ ಮಾತ್ರ ಸ್ಫೋಟ. ಬಂಡಿಗಳನ್ನು ಎಲ್ಲಿಡಬೇಕೆಂಬ ಆಯ್ಕೆ ಬೈಲಿಯದೇ ಆಗಿರಲಿ. ಸೋಲುವ ಕಡೆಗೂ ತಲೆ ಓಡಿಸಲು ಕೆಲಸ ಸಿಗುತ್ತದೆ.

ಪರೀಕ್ಷೆಯ ಆಟಕ್ಕೆ ಬಣ್ಣದ ಗೊಂಬೆ ಬೇಡ, ರಟ್ಟಿನ ಚೂರು ಸಾಕು. ಪ್ರತಿ ಆಟಕ್ಕೆ ಒಂದೇ ನಿಯಮ ಬದಲಿಸಿ. ಕಡೆಗಳನ್ನೂ ಅದಲು ಬದಲು ಮಾಡಿ. ಒಮ್ಮೆ ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಗೆಳೆಯರು ನಿಯಮದ ಹಾಳೆ ಓದಿಯೇ ಆಡಲಿ. ಅವರು ತಡವರಿಸಿದ ಕಡೆಯೆಲ್ಲ ತಿದ್ದಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಗೊಂಬೆಗಳ ಪಾದಕ್ಕೆ ಆಯಸ್ಕಾಂತ ಅಂಟಿಸಿ, ನಿಮ್ಮೂರ ಉಕ್ಕಿನ ಮಾರುಕಟ್ಟೆಯ ತೆಳು ತಗಡಿನ ಮೇಲೆ ನಿಲ್ಲಿಸಿ. ಉಡುಪಿನ ಬಣ್ಣಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ ಅರಮನೆಯಲ್ಲಿರುವ ಇದೇ ಯುದ್ಧದ ಭಿತ್ತಿಚಿತ್ರ ನೋಡಬಹುದು. ಆದರೆ ಅದಕ್ಕೆ ನಂತರ ಮತ್ತೆ ಬಣ್ಣ ಬಳಿದಿದ್ದಾರೆ, ಇತಿಹಾಸ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿಯೇ ಅಂತಿಮ ಮಾಡಿ. ಬೇರೆಯವರ ನಿಯಮಪುಸ್ತಕ ಬಳಸಿ ಮಾರುವ ಯೋಚನೆಯಿದ್ದರೆ ಅಚ್ಚಿಗೆ ಮುಂಚೆ ಕೃತಿಸ್ವಾಮ್ಯ ಬಲ್ಲ ವಕೀಲರನ್ನು ಕಾಣಿ.