ಬರೆದರಷ್ಟೇ ಸಾಲದು, ಒಪ್ಪಿಸಬೇಕು: ಹೋಮ್‌ವರ್ಕ್ ಮರೆಯುವ ಮಕ್ಕಳಿಗೆ ಏಳು ಸೂತ್ರಗಳು

“ರಾತ್ರಿಯೆಲ್ಲ ಕೂತು ಬರ್ದಿದ್ಯಲ್ಲ ಮಗ, ಯಾಕ್ ಕೊಡ್ಲಿಲ್ಲ?”
“ಮಿಸ್ ಕೇಳ್ಲೇ ಇಲ್ಲ ಕಣಮ್ಮ.”

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಿಗೆ ಈ ಮಾತು ಹೊಸದಲ್ಲ. ಸೋಮಾರಿ ಎಂದು ಗದರುವ ಮುಂಚೆ ಯೋಚಿಸಿ: ಹಾಲು ಕರೆದರಷ್ಟೇ ಬಿಲ್ ಆಗುವುದಿಲ್ಲ, ಡೇರಿಗೆ ಹಾಕಿ ಲೆಕ್ಕ ಬರೆಸಬೇಕು. ಹೋಮ್‌ವರ್ಕ್ ಬರೆಯುವುದು ಒಂದು ಕೆಲಸ, ಒಪ್ಪಿಸುವುದು ಇನ್ನೊಂದು. ಮೊದಲನೆಯದನ್ನು ಶಾಲೆ ಕಲಿಸುತ್ತದೆ. ಎರಡನೆಯದನ್ನು ಮನೆಯಲ್ಲಿ ರೂಢಿ ಮಾಡಿಸಬೇಕು.

1. ಎಲ್ಲಿ ತಪ್ಪುತ್ತಿದೆ, ಹುಡುಕಿ. ಪುಸ್ತಕ ಮನೆಯಲ್ಲೇ ಉಳಿಯಿತೇ? ಬ್ಯಾಗಿನ ತಳ ಸೇರಿತೇ? ಕೈಯಲ್ಲಿದ್ದೂ ಮೇಷ್ಟ್ರ ಮುಂದೆ ಹೋಗಲು ಅಂಜಿಕೆಯೇ? ಮೂರಕ್ಕೂ ಮದ್ದು ಬೇರೆ ಬೇರೆ. ಒಂದು ವಾರ ಬೈಯದೆ ಗಮನಿಸಿ.

2. ಬ್ಯಾಗಿಗೆ ಹಾಕಿದ ಮೇಲೇ ಮುಗಿದಂತೆ. ಕೊನೆಯ ಸಾಲು ಬರೆದೊಡನೆ ಪುಸ್ತಕ ಬ್ಯಾಗಿಗೆ, ಬ್ಯಾಗು ಬಾಗಿಲ ಬಳಿಗೆ. ಟಿವಿ, ಮೊಬೈಲು ಆಮೇಲೆ.

3. ಬಿಡಿ ಹಾಳೆಗೆ ಒಂದೇ ಫೈಲು. ನಕ್ಷೆ, ಪ್ರಾಜೆಕ್ಟ್, ಸಹಿ ಹಾಕಿಸಿದ ಚೀಟಿ ಎಲ್ಲವೂ ಎದ್ದು ಕಾಣುವ ಬಣ್ಣದ ಒಂದು ಫೈಲಿನಲ್ಲಿರಲಿ. ಸಂಜೆ ಆ ಫೈಲು ಖಾಲಿಯಾಗಿ ಮನೆಗೆ ಬರಬೇಕು.

4. ರಾತ್ರಿಯೇ ಬ್ಯಾಗು ಜೋಡಿಸಿ. ಹಳ್ಳಿಯಿಂದ ಪೇಟೆಯ ಶಾಲೆಗೆ ಬಸ್ಸು ಹಿಡಿಯುವ ಮಗುವಿಗೆ ಬೆಳಿಗ್ಗೆ ಪುರಸೊತ್ತಿರದು. ಟೈಮ್‌ಟೇಬಲ್ ನೋಡಿ ಬೇಕಾದದ್ದನ್ನಷ್ಟೇ ಇಡಿ. 2019ರ ಸರ್ಕಾರಿ ಸುತ್ತೋಲೆಯ ಪ್ರಕಾರ 6ರಿಂದ 8ನೇ ತರಗತಿಯವರ ಬ್ಯಾಗು 3–4 ಕೆಜಿ ದಾಟಬಾರದು. ತುರುಕಿದ ಬ್ಯಾಗಿನಲ್ಲಿ ಬರೆದ ಹಾಳೆ ಸಿಗುವುದೂ ಕಷ್ಟ.

5. ‘ಯಾವಾಗ’ ಎಂಬುದನ್ನು ಗಟ್ಟಿ ಮಾಡಿಸಿ. ಮನೋವಿಜ್ಞಾನಿಗಳಾದ ಪೀಟರ್ ಗೋಲ್‌ವಿಟ್ಜರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವಾಗ, ಎಲ್ಲಿ ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮಾಡಿ ಮುಗಿಸಿದರು. ಉಳಿದವರಲ್ಲಿ ಮೂರನೇ ಒಂದು ಭಾಗ ಮಾತ್ರ. ‘ನಾಳೆ ಕೊಡ್ತೀನಿ’ ಎಂಬುದು ಸಾಲದು. ‘ಹಾಜರಿ ಕೂಗಿದ ತಕ್ಷಣ ಫೈಲ್ ತೆಗೆದು ಮೇಜಿನ ಮೇಲಿಡ್ತೀನಿ’ ಎಂದು ಮಗುವಿನ ಬಾಯಲ್ಲೇ ಹೇಳಿಸಿ.

6. ಸಂಜೆಯ ಪ್ರಶ್ನೆ ಬದಲಿಸಿ. ‘ಹೋಮ್‌ವರ್ಕ್ ಮಾಡಿದ್ಯಾ?’ ಜೊತೆಗೆ ‘ಇವತ್ತು ಯಾರ ಕೈಗೆ ಕೊಟ್ಟೆ?’ ಎಂದೂ ಕೇಳಿ. ಅಪ್ಪ ಗದ್ದೆಯಲ್ಲಿ, ಅಮ್ಮ ಗಾರ್ಮೆಂಟ್ಸ್‌ನಲ್ಲಿದ್ದರೆ ಅಜ್ಜಿ ಕೇಳಲಿ. ಈ ಪ್ರಶ್ನೆಗೆ ಅಕ್ಷರ ಬೇಕಿಲ್ಲ, ಖಾಲಿ ಫೈಲು ನೋಡಲು ಕಣ್ಣಿದ್ದರೆ ಸಾಕು.

7. ಪುಸ್ತಕ ಹಿಡಿದು ಹಿಂದೆಯೇ ಓಡಬೇಡಿ. ದಿನವೂ ನೀವೇ ಗಾಡಿಯಲ್ಲಿ ತಲುಪಿಸಿದರೆ ನೆನಪಿಡುವ ಕೆಲಸ ನಿಮ್ಮದಾಗುತ್ತದೆ. ‘ಮರೆತೆ ಸಾರ್, ನಾಳೆ ತರ್ತೀನಿ’ ಎಂದು ಮಗುವೇ ಹೇಳಲಿ. ಅಂಜುವ ಮಗುವಾದರೆ ಪೋಷಕರ ಸಭೆಯಲ್ಲಿ ಶಿಕ್ಷಕರಿಗೆ ತಿಳಿಸಿ, ಕೆಲವು ದಿನ ಅವರೇ ಕೇಳಿ ಪಡೆಯಲಿ.

ರೂಢಿ ಕುದುರಿದಂತೆ ನೀವು ಕೇಳುವುದನ್ನು ಕಡಿಮೆ ಮಾಡುತ್ತ ಬನ್ನಿ. ಈ ರೂಢಿ ಮುಂದೆ ಅಂಕಕ್ಕೂ ನೆರವಾಗುತ್ತದೆ: ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದವು. ಪ್ರಾಜೆಕ್ಟು, ಚಟುವಟಿಕೆಗಳನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿದವರಿಗೆ ಆ ಅಂಕ ಪರೀಕ್ಷೆಗೆ ಮೊದಲೇ ಕೈಗೂಡುತ್ತದೆ. ಹತ್ತನೇ ತರಗತಿಗೆ ಬಂದ ಮೇಲೆ ಶುರುಮಾಡುವುದಕ್ಕಿಂತ ಐದನೆಯದರಲ್ಲೇ ಶುರುಮಾಡಿ.