ಎನ್‌ಕೆ, ಘಟ್ಟದವ, ಮದ್ರಾಸಿ: ಊರಿನ ಹೆಸರು ಆಳಿನ ಹೆಸರಾದಾಗ

ಫಸ್ಟ್ ಸೆಮ್‌ನಲ್ಲಿ ನನ್ನ ರೂಮ್‌ಮೇಟ್‌ ನಂಬರನ್ನು ಫೋನಿನಲ್ಲಿ ‘ಎನ್‌ಕೆ ರೂಮ್’ ಅಂತ ಸೇವ್ ಮಾಡಿಕೊಂಡಿದ್ದೆ. ಎನ್‌ಕೆ ಅಂದರೆ ನಾರ್ತ್ ಕರ್ನಾಟಕ. ನಮ್ಮ ಹಾಸ್ಟೆಲ್ಲಿನಲ್ಲಿ ದಾವಣಗೆರೆ ದಾಟಿದ ಮೇಲಿನವರೆಲ್ಲ ಎನ್‌ಕೆ. ಆರು ತಿಂಗಳು ಅವನು ಏನೂ ಅನ್ನಲಿಲ್ಲ. ಒಂದು ರಾತ್ರಿ ಮೆಸ್ಸಿನಲ್ಲಿ ಯಾರೋ “ಏ ಎನ್‌ಕೆ, ಸಾಂಬಾರ್ ಈ ಕಡೆ ಕೊಡೋ” ಅಂದಾಗ ತಟ್ಟೆ ಬಿಟ್ಟು ಎದ್ದ. “ನಂಗೊಂದು ಹೆಸರ ಅದ ಲೇ” ಅಂದು ಹೊರಟೇಹೋದ. ನಾವು ನಕ್ಕೆವು. ಒಬ್ಬ “ಹೌದ್ರಿ, ಹೆಸರೈತ್ರಿ” ಅಂತ ಅಣಕಿಸಿದ. ಆಮೇಲೆ ಗೊತ್ತಾಯ್ತು, ಆ ಅಣಕವೂ ತಪ್ಪೇ. ‘ಐತಿ’ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಮಾತು. ನನ್ನ ರೂಮ್‌ಮೇಟ್ ಯಾದಗಿರಿಯವನು. ಅವನ ಬಾಯಲ್ಲಿ ಅದು ‘ಅದ’.

ಒಂದು ಊರಿನವರನ್ನು ಏನಂತ ಕರೀಬೇಕು ಅಂತ ನಾನು ಸ್ವಲ್ಪ ಹುಡುಕಿದ್ದು ಆಮೇಲೆ. ನಾನು ಕನ್ನಡ ಓದಿದ್ದು ಸೆಕೆಂಡ್ ಲ್ಯಾಂಗ್ವೇಜ್ ಆಗಿ, ಅದಕ್ಕೇ ವ್ಯಾಕರಣವನ್ನು ಎಂಜಿನಿಯರಿಂಗ್ ಹುಡುಗನ ಹಾಗೆ ಹೇಳ್ತೀನಿ: ಇನ್‌ಪುಟ್, ಪ್ರೋಸೆಸ್, ಔಟ್‌ಪುಟ್.

ಇನ್‌ಪುಟ್ ಊರಿನ ಹೆಸರು. ಅದಕ್ಕೆ ‘ಅವನು, ಅವಳು, ಅವರು’ ಸೇರಿಸಬೇಕು, ಆದರೆ ನಡುವೆ ಒಂದು ಕೊಂಡಿ ಬೇಕು. ಹೆಸರು ಉಕಾರದಲ್ಲಿ ಮುಗಿದರೆ ‘ಇನ’: ಮೈಸೂರಿನವರು, ಕೊಡಗಿನವರು. ಇಕಾರ, ಎಕಾರದಲ್ಲಿ ಮುಗಿದರೆ ‘ಯ’: ಹುಬ್ಬಳ್ಳಿಯವರು, ದಾವಣಗೆರೆಯವರು. ಅಕಾರವಾದರೆ ‘ದ’: ಧಾರವಾಡದವರು, ಘಟ್ಟದವರು. ಕೋಡ್ ಬರೆದರೆ ಮೂರು ಇಫ್ ಸಾಕು. ಯಾರಿಗೂ ನೋವಾಗಲ್ಲ, ಯಾವ ಊರಿಗೂ ನಡೆಯತ್ತೆ.

ಇನ್ನೊಂದು ದಾರಿ ‘ಇಗ’ ಪ್ರತ್ಯಯ. ಕನ್ನಡಿಗ, ಮಲೆನಾಡಿಗ, ಹೊರನಾಡಿಗ. ಇದೇ ‘ಇಗ’ ಗಾಣಿಗ, ಲೆಕ್ಕಿಗ ಪದಗಳಲ್ಲೂ ಇದೆ, ಅಂದರೆ ಕೆಲಸಕ್ಕೂ ಅಂಟುತ್ತೆ, ನಾಡಿಗೂ ಅಂಟುತ್ತೆ. ಊರುಗಳಿಗೆ ಮಾತ್ರ ಅಷ್ಟು ಸುಲಭವಾಗಿ ಅಂಟಲ್ಲ. ‘ಬೆಂಗಳೂರಿಗರು’ ಅಂತ ಪೇಪರಿನಲ್ಲಿ ಓದಿದ್ದೇವೆ. ‘ಹುಬ್ಬಳ್ಳಿಗ’ ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಅಂದರೂ ‘ಹುಬ್ಬಳ್ಳಿಗೆ ಟಿಕೆಟ್ ಕೊಡಿ’ ಅಂದಂತೆ ಕೇಳುತ್ತೆ. ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಕೈಕೊಡುತ್ತೆ. ಕನ್ನಡಿಗನಿಗೆ ಕನ್ನಡತಿ ಇದ್ದಾಳೆ, ಬೆಂಗಳೂರಿಗನಿಗೆ ಯಾರು? ನಮ್ಮ ಕ್ಲಾಸಿನ ಹುಡುಗಿಯರನ್ನೇ ಕೇಳಿದೆ. “ಬೆಂಗಳೂರಿನವಳು ಅಂದ್ರೆ ಸಾಕಪ್ಪ, ಹೊಸದು ಕಂಡುಹಿಡೀಬೇಡ” ಅಂದರು.

ವ್ಯಾಕರಣ ಇಷ್ಟೇ. ತೊಂದರೆ ಶುರುವಾಗೋದು ಯಾರು, ಎಲ್ಲಿ ನಿಂತು ಕರೀತಾರೆ ಅನ್ನೋದರಿಂದ.

‘ಘಟ್ಟದವರು’ ಪದವನ್ನೇ ತಗೊಳ್ಳಿ. ಮಂಗಳೂರು, ಉಡುಪಿ ಕಡೆ ಕೇಳಿದರೆ ಘಟ್ಟದ ಮೇಲಿನವರೆಲ್ಲ ಘಟ್ಟದವರು. ಸಕಲೇಶಪುರದವನೂ ಅದೇ, ಘಟ್ಟವನ್ನೇ ನೋಡದ ಕೋಲಾರದವನೂ ಅದೇ. ಮೇಲಿನವರಿಗೆ ಅವರು ‘ಘಟ್ಟದ ಕೆಳಗಿನವರು’. ಅಲ್ಲಿಗೆ ಲೆಕ್ಕ ಸಮ ಆಯ್ತು ಅಂದುಕೊಳ್ಳಬೇಡಿ. ಇದೇ ಘಟ್ಟದಿಂದ ಮುಂಬೈಯಲ್ಲಿ ಹುಟ್ಟಿದ ಪದ ‘ಘಾಟಿ’. ಕೂಲಿಗೆ ಬಂದ ಘಟ್ಟದ ಕಡೆಯ ಮರಾಠಿ ಜನರನ್ನು ಕೀಳಾಗಿ ಕರೆಯೋ ಪದ ಅದು. ಗೋವಾದಲ್ಲಿ ಅದೇ ಪದವನ್ನು ಘಟ್ಟ ಇಳಿದು ಕೆಲಸಕ್ಕೆ ಹೋದ ನಮ್ಮ ಕನ್ನಡದವರ ಮೇಲೂ ಎಸೆಯುತ್ತಾರೆ. ಬೆಟ್ಟ ಒಂದೇ. ಮಂಗಳೂರಿನಲ್ಲಿ ಅದು ಹೆಚ್ಚೆಂದರೆ ತಮಾಷೆ, ಗೋವಾದಲ್ಲಿ ಕಟ್ಟಡದ ಕೆಲಸ ಮಾಡುವವನಿಗೆ ಅದು ಬೈಗುಳ.

‘ಕೊಂಗ’ ಕೂಡ ಹೀಗೇ. ಕೊಂಗುನಾಡು ಅಂದರೆ ಕೊಯಮತ್ತೂರು, ಈರೋಡು ಸುತ್ತಿನ ಸೀಮೆ, ಹಳೆಯ ಗೌರವದ ಹೆಸರು. ನಮ್ಮ ಬಾಯಲ್ಲಿ ಅದು ತಮಿಳರೆಲ್ಲರಿಗೂ ಹಾಕುವ ಬೈಗುಳವಾಯ್ತು. ಕ್ರಿಕೆಟ್ ಮ್ಯಾಚಿನ ದಿನ ನಮ್ಮ ಕಾಮನ್ ರೂಮಿನಲ್ಲಿ ಕೇಳಿಸೋದು ಈ ಪದವೇ. ಕನ್ನಡ ಸಂಘದವರು ಅನ್ನಿಸಿಕೊಂಡ ನಾವೇ ಕೂಗಿದ್ದೇವೆ, ಸುಳ್ಳು ಹೇಳಲ್ಲ. ಹಿಂದೆ ಕೂತಿದ್ದ ಸೇಲಂ ಹುಡುಗ ಚೆನ್ನಾಗಿ ಕನ್ನಡ ಕಲಿತಿದ್ದಾನೆ. ಅವನಿಗೆ ಪ್ರತಿ ಸಲವೂ ಅರ್ಥವಾಗಿದೆ.

ನಮ್ಮನ್ನು ಉತ್ತರದವರು ‘ಮದ್ರಾಸಿ’ ಅಂದಾಗ ಮಾತ್ರ ನಮಗೆ ಉರಿಯುತ್ತೆ. ಇದರಲ್ಲೊಂದು ಮಜಾ ಇದೆ. 1953ರವರೆಗೆ ಬಳ್ಳಾರಿ, 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿದ್ದವು. ಮಂಗಳೂರಿನ ಗೆಳೆಯನ ಅಜ್ಜ ಕಾಗದದ ಮೇಲೆ ನಿಜವಾಗಿಯೂ ಮದ್ರಾಸಿನವರೇ. ಇಂದಿನ ಮೈಸೂರಿನವನಿಗೆ ಮಾತ್ರ ಆ ಪದ ಯಾವ ಲೆಕ್ಕದಲ್ಲೂ ಹೊಂದಲ್ಲ. ಆದರೆ 1973ರ ನವೆಂಬರ್ 1ರವರೆಗೆ ನಮ್ಮ ಇಡೀ ರಾಜ್ಯದ ಹೆಸರೇ ಮೈಸೂರು. ಬೀದರಿನವರೂ ಹೊರಗೆ ಹೋದರೆ ‘ಮೈಸೂರು ರಾಜ್ಯದವರು’ ಅನ್ನಬೇಕಿತ್ತು. ದೊಡ್ಡ ಊರಿನ ಹೆಸರನ್ನು ಎಲ್ಲರಿಗೂ ಹೊದಿಸೋ ಅಭ್ಯಾಸ ದೆಹಲಿಯವರದು ಮಾತ್ರ ಅಲ್ಲ.

ಇನ್ನು ‘ಕೂರ್ಗಿ’. ಕೊಡಗಿನಿಂದ ಬಂದವರೆಲ್ಲ ಕೊಡವರು ಅಂತ ನಾನೂ ನಂಬಿದ್ದೆ. ಕೊಡವ ಅನ್ನೋದು ಒಂದು ಸಮುದಾಯದ ಹೆಸರು. ಅರೆಭಾಷೆ ಗೌಡರು, ಯರವರು, ಇನ್ನೂ ಎಷ್ಟೋ ಜನ ಅದೇ ಕೊಡಗಿನವರು. ನಮ್ಮ ಬ್ಯಾಚಿನ ಅರೆಭಾಷೆ ಹುಡುಗಿ ಇದನ್ನು ವರ್ಷಕ್ಕೆ ನಲವತ್ತು ಸಲ ವಿವರಿಸ್ತಾಳಂತೆ.

ಈಗ ಎನ್‌ಕೆಗೆ ಬರೋಣ. ನಮ್ಮ ಕ್ಯಾಂಪಸ್ಸಿನಲ್ಲಿ ಅದರ ತಮ್ಮ ಇನ್ನೊಬ್ಬನಿದ್ದಾನೆ: ಎಚ್‌ಕೆ. ಹೈದರಾಬಾದ್ ಕರ್ನಾಟಕ. ಸಂವಿಧಾನದ 371ಜೆ ವಿಧಿ 2013ರಿಂದ ಬಂತು. ಅದರಂತೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಅಲ್ಲಿನವರಿಗೆ. ದಶಕಗಳ ಕಾಲ ಹಿಂದೆ ಬಿದ್ದ ಜಿಲ್ಲೆಗಳಿಗಾಗಿ ಆದ ಏರ್ಪಾಡು ಇದು. ಕಾರಿಡಾರಿನಲ್ಲಿ ಮಾತ್ರ ‘ಎಚ್‌ಕೆ’ ಅಂದರೆ ‘ಕಡಿಮೆ ರ‍್ಯಾಂಕಿನವನು’ ಅಂತ ಅರ್ಥ. ಸರ್ಕಾರ 2019ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು, ಚಾಲುಕ್ಯರ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣದ ನೆನಪಿಗೆ. 2021ರಲ್ಲಿ ಮುಂಬೈ ಕರ್ನಾಟಕ ಕಿತ್ತೂರು ಕರ್ನಾಟಕ ಆಯ್ತು. ನಿಜಾಮರ, ಬ್ರಿಟಿಷರ ಹೆಸರು ಹೋಯ್ತು. ನಮ್ಮ ಬಾಯಿಂದ ಎಚ್‌ಕೆ ಹೋಗಲಿಲ್ಲ. ರೂಮ್‌ಮೇಟ್ ಒಮ್ಮೆ ಹೇಳಿದ: “ಲ್ಯಾಬಿನಾಗ ಔಟ್‌ಪುಟ್ ಬರ್ಲಿಲ್ಲಂದ್ರ ನಿಮಗ ಸರ್ಕ್ಯೂಟ್ ತಪ್ಪು. ನನಗ ಬರ್ಲಿಲ್ಲಂದ್ರ ಕೋಟಾ ತಪ್ಪು.” ನನಗೆ ಉತ್ತರ ಹೊಳೆಯಲಿಲ್ಲ.

ಒಂದು ವಿಷಯ ಓದಿದಾಗಿನಿಂದ ನಾನು ಅವನ ಮುಂದೆ ‘ಸ್ಟ್ಯಾಂಡರ್ಡ್ ಕನ್ನಡ’ ಅನ್ನೋ ಮಾತೆತ್ತಿಲ್ಲ. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ನಾಡು ಯಾವುದು ಅಂತ ಊರುಗಳನ್ನು ಹೆಸರಿಸಿ ಹೇಳುತ್ತೆ. ಕಿಸುವೊಳಲ್ ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ನಾಲ್ಕೂ ನಮ್ಮ ಹಾಸ್ಟೆಲ್ ಭಾಷೆಯಲ್ಲಿ ಎನ್‌ಕೆ. ಆ ಪುಸ್ತಕ ಹುಟ್ಟಿದ ರಾಷ್ಟ್ರಕೂಟರ ಆಸ್ಥಾನದ ಮಾನ್ಯಖೇಟ ಇಂದಿನ ಮಳಖೇಡ, ಕಲಬುರಗಿ ಜಿಲ್ಲೆ. ಅದು ಪಕ್ಕಾ ಎಚ್‌ಕೆ. ಇದನ್ನು ಹೇಳಿದಾಗ ಅವನು ಹೆಮ್ಮೆಪಡ್ತಾನೆ ಅಂದುಕೊಂಡಿದ್ದೆ. “ಮಳಖೇಡ ಗೊತ್ತದ, ನಮ್ಮತ್ತೆ ಊರು ಅಲ್ಲೇ ಬಾಜೂಕ” ಅಂದು ಮತ್ತೆ ಅಸೈನ್‌ಮೆಂಟ್ ಬರೆಯೋಕೆ ಕೂತ.

ಅವತ್ತೇ ನನ್ನ ಫೋನಿನಲ್ಲಿ ಅವನ ಹೆಸರನ್ನು ಅವನ ಹೆಸರಿಗೇ ಬದಲಾಯಿಸಿದೆ. ನನ್ನದನ್ನು ಏನಂತ ಸೇವ್ ಮಾಡಿದ್ದೀಯೋ ಅಂತ ಕೇಳಿದೆ. ತೋರಿಸೋಕೆ ಸ್ವಲ್ಪ ಹಿಂದೆಮುಂದೆ ನೋಡಿದ. ‘ಬೆಂಗಳೂರ್ 2’ ಅಂತಿತ್ತು. ನಾನು ತುಮಕೂರಿನವನು.